ಕಹಳೆ ಯಾವ ಕೈಯಲ್ಲಿ

ಮಾರ್ಚ್ 3, ಸೋಮವಾರ

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಕೈಗೆ ವ್ಯಾಯಾಮ ಮಾಡಿಸುವ ಡಾಕ್ಟರಮ್ಮನ ಅಪ್ಪಣೆ. ದಿನಕ್ಕೆ ಹತ್ತು ಸಾಲು. ಏನು ಬರೆಯಲಿ ಎಂದರೆ ಏನಾದರೂ ಎಂದರು. ಐದನೆಯ ಸಾಲಿಗೇ ಸುಸ್ತು.

ಮಾರ್ಚ್ 5, ಬುಧವಾರ

ಅಕ್ಷರ ಕಾಗೆಕಾಲು ಗುಬ್ಬಿಕಾಲು. ಬಲಗೈಗೆ ದೊರೆ, ಎಡಗೈಗೆ ಮೊದ್ದು ಎಂದು ಹೆಸರಿಟ್ಟಿದ್ದೇನೆ. ಜನವರಿಯಲ್ಲಿ ಬಲ್ಬು ಬದಲಾಯಿಸಲು ಹತ್ತಿದ ಸ್ಟೂಲು ಮಗುಚಿ ನಾನು ದೊರೆಯ ಮೇಲೇ ಬಿದ್ದೆ. ಮಣಿಕಟ್ಟಿನ ಮೂಳೆ ಕೂಡಿತು. ಹೆಬ್ಬೆರಳೂ ಪಕ್ಕದ ಎರಡು ಬೆರಳೂ ಜೋಮು ಹಿಡಿದದ್ದು ಬಿಟ್ಟಿಲ್ಲ. ಅಕ್ಕ ಬೆಳಿಗ್ಗೆ ನನ್ನ ಅಂಗಿಯ ಗುಂಡಿ ಹಾಕುತ್ತ, "ಐವತ್ತೆಂಟು ವರ್ಷದ ಕೂಸು ಸಾಕ್ತಿದ್ದೀನಿ" ಎಂದಳು.

ಮಾರ್ಚ್ 10, ಸೋಮವಾರ

ಕೆಲಸಕ್ಕೆ ಹೋದೆ. ಬರೆಯಲು ಬೇರೇನೂ ತೋಚದ್ದರಿಂದ ಗೊತ್ತಿರುವುದನ್ನೇ ಬರೆಯುತ್ತೇನೆ, ಡಾಕ್ಟರಮ್ಮನಿಗೆ ಸಾಲು ತುಂಬಿದರೆ ಸಾಕು. ನಾನು ಅಂಚೆಚೀಟಿ ಮುದ್ರಣಾಲಯದಲ್ಲಿ ಉಕ್ಕಿನ ಅಚ್ಚು ಕೊರೆಯುವವಳು. ಮುಖ, ಕೈಕಾಲು, ಬಟ್ಟೆ, ಕುದುರೆ ನನ್ನವು. ಅಕ್ಷರ ಮತ್ತು ಅಂಕಿ ಪಕ್ಕದ ಮೇಜಿನ ಅಕ್ಷರದಣ್ಣನವು. ಆಕಾಶದ ಗೆರೆಗಳನ್ನು ಯಂತ್ರ ಎಳೆಯುತ್ತದೆ. ಇಡೀ ವಿಭಾಗದಲ್ಲಿ ಉಳಿದಿರುವುದು ನಾವಿಬ್ಬರೇ.

ದೊರೆಗೆ ಉಳಿ ಹಿಡಿಯಲು ಆಗುವುದಿಲ್ಲ ಎಂಬುದು ಅಕ್ಷರದಣ್ಣನಿಗೆ ಮಾತ್ರ ಗೊತ್ತು. ಯಜಮಾನರು, ಅಂದರೆ ನಮ್ಮ ಸೂಪರಿಂಟೆಂಡೆಂಟರು, "ಕೈ ಹೇಗಿದೆ?" ಎಂದು ಕೇಳಿದಾಗ "ಚೆನ್ನಾಗಿದೆ ಸರ್" ಎಂದೆ. ಹೇಳಿ ಮುಗಿಯುವ ಮೊದಲೇ ಕೈಯನ್ನು ಜೇಬಿಗೆ ಇಳಿಸಿದ್ದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಗೊತ್ತಾದರೆ ನನ್ನನ್ನು ಉಗ್ರಾಣಕ್ಕೆ ಹಾಕುತ್ತಾರೆ, ಕಾಗದದ ಕಟ್ಟು ಎಣಿಸಲು. ನಿವೃತ್ತಿಗೆ ಎರಡು ವರ್ಷ ಬಾಕಿ.

ಮಾರ್ಚ್ 12, ಬುಧವಾರ

ನನ್ನ ಪುಣ್ಯಕ್ಕೆ ಕಹಳೆಗಾರನನ್ನು ಬೀಳುವ ಮೊದಲೇ ಕೊರೆದು ಮುಗಿಸಿದ್ದೆ. ನದಿ ದಾಟಿದ ಯುದ್ಧಕ್ಕೆ ಈ ವರ್ಷ ನೂರು ವರ್ಷ. ಅದರ ನೆನಪಿಗೆ ನಾಲ್ಕು ಅಂಚೆಚೀಟಿ ಬರುತ್ತಿವೆ. ಮೂರನ್ನು ಕಂಪ್ಯೂಟರಿನವರು ಮಾಡಿದ್ದಾರೆ, ಉಕ್ಕಿನಲ್ಲಿ ಕೊರೆದದ್ದು ಇದೊಂದೇ. ದಟ್ಟ ಮಂಜಿನಲ್ಲಿ ಹಿಂದಿರುಗುತ್ತಿದ್ದ ಸೈನ್ಯಕ್ಕೆ ನದಿ ದಾಟುವ ಕಡವು ಕಾಣಲಿಲ್ಲವಂತೆ. ಇವನು ದಡದಲ್ಲಿ ನಿಂತು ಐದು ಗಂಟೆ ಹೊತ್ತು ಒಂದೇ ಸ್ವರ ಊದಿದ. ಆ ಸದ್ದನ್ನು ಹಿಡಿದು ಸಾವಿರದ ಮುನ್ನೂರು ಜನ ದಾಟಿದರು. ಯುದ್ಧದ ಮಾರನೆಯ ದಿನ ಯಾರೋ ಅವನನ್ನು ಅಲ್ಲೇ ನಿಲ್ಲಿಸಿ ತೆಗೆದ ಒಂದು ಫೋಟೊ ಉಳಿದಿದೆ.

ಆ ಫೋಟೊದಲ್ಲಿ ಕಹಳೆ ಎಡಗೈಯಲ್ಲಿತ್ತು. ಹೋದ ವರ್ಷ ಸಲಹಾ ಸಮಿತಿಯಲ್ಲಿ ಮೀಸೆ ಸಾಹೇಬರು ಅದನ್ನು ನೋಡಿದ ತಕ್ಷಣ, "ಸೈನ್ಯದಲ್ಲಿ ಕಹಳೆ ಹಿಡಿಯೋದು ಬಲಗೈಲಿ. ಫೋಟೊ ತಿರುವುಮುರುವಾಗಿ ತೊಳೆದಿದ್ದಾರೆ" ಎಂದರು. ಅವರು ನಿವೃತ್ತ ಕರ್ನಲ್. ನಾನೂ ಹೌದೆಂದೆ. ನಮ್ಮ ಕಸುಬಿನವರಿಗೆ ಜಗತ್ತೆಲ್ಲ ಕನ್ನಡಿಯೊಳಗಿನದು. ಉಕ್ಕಿನ ಮೇಲೆ ಎಡ ಬಲವಾಗಿ, ಬಲ ಎಡವಾಗಿ ಕೊರೆದರೆ ತಾನೇ ಕಾಗದದ ಮೇಲೆ ನೆಟ್ಟಗೆ ಬೀಳುವುದು. ತಿರುವುಮುರುವು ಎಂದು ಯಾರು ಹೇಳಿದರೂ ಥಟ್ಟನೆ ನಂಬುತ್ತೇವೆ. ಫೋಟೊವನ್ನು ತಿರುಗಿಸಿ ಕೊಟ್ಟರು, ಕೊರೆದೆ.

ಹತ್ತಕ್ಕಿಂತ ಜಾಸ್ತಿ ಸಾಲಾಯಿತು. ಮೊದ್ದುವಿಗೆ ಹೊಟ್ಟೆಕಿಚ್ಚು ಬಂದಿರಬೇಕು, ದೊರೆಯ ಕೆಲಸದ ಸುದ್ದಿ ಎಂದರೆ ಓಡುತ್ತದೆ.

ಮಾರ್ಚ್ 15, ಶನಿವಾರ

ಅಕ್ಕ ತಲೆಗೆ ಹುಳ ಬಿಟ್ಟಳು.

ನಾನು ಕೆಲಸಕ್ಕೆ ಬಳಸಿದ ಫೋಟೊದ ದೊಡ್ಡ ಪ್ರತಿ ನನ್ನ ಕೋಣೆಯ ಗೋಡೆಯ ಮೇಲೆ ಆರು ತಿಂಗಳಿಂದ ಇದೆ. ಅಕ್ಕ ನಲವತ್ತು ವರ್ಷ ದರ್ಜಿ ಕೆಲಸ ಮಾಡಿದವಳು. ಕಸ ಗುಡಿಸಲು ಬಂದವಳು ಪೊರಕೆ ಹಿಡಿದೇ ನಿಂತಳು.

"ಏನೇ, ಈ ಹುಡುಗ ಹೆಂಗಸಿನ ಕೋಟು ಹಾಕ್ಕೊಂಡು ಯುದ್ಧಕ್ಕೆ ಹೋಗಿದ್ನಾ?"

"ಯಾಕೆ?"

"ಬಲಗಡೆ ಗುಂಡಿ ಪಟ್ಟಿ ಎಡಗಡೆ ಮೇಲೆ ಬಂದಿದೆ ನೋಡು. ಗಂಡಸರ ಕೋಟಿಗೆ ಎಡಗಡೆಯದು ಮೇಲೆ ಬರತ್ತೆ. ಇಷ್ಟೂ ಗೊತ್ತಿಲ್ದೆ ಅದೇನು ಕೊರೀತೀಯೋ."

"ಹೊಲಿದೋನು ತಪ್ಪಿರ್ತಾನೆ."

"ಒಂದು ಕೋಟು ತಪ್ಪಬಹುದು ಕಣೆ. ಹಿಂದೆ ಇಬ್ಬರು ನಿಂತಿದ್ದಾರಲ್ಲ, ಅವರದ್ದೂ ತಪ್ಪಿದನಾ?"

ಭೂತಗನ್ನಡಿ ಹಿಡಿದು ನೋಡಿದೆ. ಮೂವರದ್ದೂ ಹಾಗೇ. ಆ ಕೋಟಿನ ಒಂದೊಂದು ಎಳೆಯನ್ನೂ ನಾನೇ ಕೊರೆದಿದ್ದೇನೆ. ಅದು ಯಾವ ಕಡೆ ಮುಚ್ಚುತ್ತದೆ ಎಂದು ಒಂದು ಸಲವೂ ನೋಡಿರಲಿಲ್ಲ.

ಮಾರ್ಚ್ 17, ಸೋಮವಾರ

ತಿರುಗಿಸಿದ ಫೋಟೊದಲ್ಲಿ ಕೋಟು ತಪ್ಪು ಎಂದರೆ ತಿರುಗಿಸದ ಫೋಟೊವೇ ಸರಿ. ಅಂದರೆ ಅವನು ನಿಜವಾಗಿ ಎಡಗೈಯಲ್ಲೇ ಹಿಡಿದಿದ್ದ. ಯಾಕೆ?

ಅಕ್ಷರದಣ್ಣನಿಗೆ ಮೆಲ್ಲಗೆ ಹೇಳಿದೆ. ಅವನು ತಲೆ ಎತ್ತದೆ, "ತಾಯಿ, ಸುಮ್ನಿರು. ಪ್ರೂಫು ಒಪ್ಪಿಗೆ ಆಗಿದೆ. ತಪ್ಪು ಅಂತ ನೀನು ಬಾಯಿ ಬಿಟ್ರೆ ಹೊಸ ಅಚ್ಚು ಕೊರೀಬೇಕು. ಯಾರು ಕೊರೀತಾರೆ?" ಎಂದ.

ಅವನು ಹೇಳಿದ್ದು ನನ್ನ ಒಳ್ಳೆಯದಕ್ಕೇ. ಸುಮ್ಮನಿದ್ದರೆ ಎರಡು ವರ್ಷ ಭೂತಗನ್ನಡಿ ಹಿಡಿದು ಗಂಭೀರವಾಗಿ ಕೂತು ಮನೆಗೆ ಹೋಗಬಹುದು. ಸುಮ್ಮನಿರುತ್ತೇನೆ.

ಮಾರ್ಚ್ 18, ಮಂಗಳವಾರ

ಅವನ ಬಲಗೈ ಎಲ್ಲಿದೆ? ಫೋಟೊದಲ್ಲಿ ಬೆನ್ನ ಹಿಂದಿದೆ. ಅದು ಸೈನಿಕರು ನಿಲ್ಲುವ ಠೀವಿ ಎಂದುಕೊಂಡಿದ್ದೆ.

ಮಾರ್ಚ್ 21, ಶುಕ್ರವಾರ

ಡಾಕ್ಟರಮ್ಮ ಇವತ್ತು ಸೂಜಿ ಚುಚ್ಚಿ ಚುಚ್ಚಿ ನೋಡಿದರು. ಮೂರು ಬೆರಳಿನ ನರ ಚೇತರಿಸಿಕೊಳ್ಳುವ ಲಕ್ಷಣ ಇಲ್ಲವಂತೆ. "ಚಮಚ ಹಿಡೀಬಹುದು, ಬಾಗಿಲು ತೆಗೀಬಹುದು. ಸೂಕ್ಷ್ಮದ ಕೆಲಸ ಕಷ್ಟ" ಎಂದರು. ತುಂಬ ಮೆತ್ತಗೆ ಹೇಳಿದರು, ಅದಕ್ಕೇ ಹೆಚ್ಚು ಸಿಟ್ಟು ಬಂತು. ಬಸ್ಸಿನಲ್ಲಿ ಕಿಟಕಿ ಕಡೆ ಮುಖ ಮಾಡಿ ಅತ್ತೆ. ಪಕ್ಕದವಳು ಕಿಟಕಿ ಮುಚ್ಚಿದಳು, ಧೂಳು ಬಿತ್ತೆಂದುಕೊಂಡು.

ಮಾರ್ಚ್ 22, ಶನಿವಾರ

ಬರೆಯುವುದಿಲ್ಲ.

ಮಾರ್ಚ್ 26, ಬುಧವಾರ

ಅಕ್ಷರದಣ್ಣ ಒಂದು ತಾಮ್ರದ ಚೂರು, ಹಳೆಯ ಉಳಿ ತಂದುಕೊಟ್ಟ. "ಸುಮ್ನೆ ಆಟ ಆಡು" ಎಂದ. ಮನೆಗೆ ತಂದು ಊಟದ ಮೇಜಿನ ಮೇಲೆ ಕೊರೆಯುವಾಗ ಆನಿಕೆಗಿಡುವ ತೊಗಲಿನ ದಿಂಬು ಇಟ್ಟುಕೊಂಡು ಮೊದ್ದುವಿನಿಂದ ಒಂದು ಗೆರೆ ಎಳೆದೆ. ಉಳಿ ಜಾರಿ ಬಲ ಹೆಬ್ಬೆರಳಿಗೆ ನಾಟಿತು. ರಕ್ತ ಬಂದರೂ ನೋವಾಗಲಿಲ್ಲ. ಜೋಮಿನಿಂದ ಆದ ಲಾಭ ಇದೊಂದೇ. ಅಕ್ಕ ಪಟ್ಟಿ ಕಟ್ಟುವಾಗ ಬೈದದ್ದು ಬರೆಯಲು ಹತ್ತು ಸಾಲು ಸಾಲದು.

ಮಾರ್ಚ್ 31, ಸೋಮವಾರ

ಇವತ್ತು ಒಂದು ವಿಚಿತ್ರ ಗೊತ್ತಾಯಿತು. ನನಗೆ ಕೆಲಸ ಕಲಿಸಿದ ಮುದುಕರು ಮೊದಲ ದಿನ ಹೇಳಿದ್ದರು, ಉಳಿಯನ್ನು ಎಳೆದಾಡಬಾರದು, ಕೊರೆಯುವ ಲೋಹದ ತಟ್ಟೆಯನ್ನು ತಿರುಗಿಸಬೇಕು ಎಂದು. ಒಂದು ಕೈ ಉಳಿ ಹಿಡಿದು ಮುಂದಕ್ಕೆ ಒತ್ತುತ್ತದೆ, ಅಷ್ಟೆ. ದಿಂಬಿನ ಮೇಲಿನ ತಟ್ಟೆಯನ್ನು ತಿರುಗಿಸಿ ಗೆರೆಗೆ ಬಳುಕು ಕೊಡುವುದು ಇನ್ನೊಂದು ಕೈ. ಅಂದರೆ ಮೂವತ್ತೈದು ವರ್ಷ ನಾನು ಕೊರೆದ ಕೆನ್ನೆ, ಗಲ್ಲ, ಮೀಸೆಗಳ ಬಾಗನ್ನೆಲ್ಲ ಮಾಡಿದ್ದು ಮೊದ್ದು. ದೊರೆ ಬರಿ ನೂಕಿದ್ದಾನೆ. ದುಡಿದವರು ಯಾರೋ, ಹೆಸರು ತಗೊಂಡವರು ಯಾರೋ.

ದೊರೆ ಈಗ ತಟ್ಟೆ ತಿರುಗಿಸುವುದನ್ನು ಕಲಿಯಬೇಕು. ಅದಕ್ಕೆ ಅಂಗೈ ಸಾಕು, ಬೆರಳು ಬೇಡ. ಇದೆಲ್ಲ ಬರಿ ಕುತೂಹಲಕ್ಕೆ.

ಏಪ್ರಿಲ್ 5, ಶನಿವಾರ

ಸೇನಾ ವಸ್ತುಸಂಗ್ರಹಾಲಯಕ್ಕೆ ಹೋಗಿಬಂದೆ. ಯಾರಿಗೂ ಹೇಳಲಿಲ್ಲ. ಸುಮ್ಮನೆ ನೋಡಿ ಬರಲು ರಜಾ ದಿನ ಎರಡು ಬಸ್ಸು ಬದಲಾಯಿಸಿ ಹೋಗುವವರು ಯಾರಿದ್ದಾರೆ ಎಂದು ದಾರಿಯುದ್ದಕ್ಕೂ ನನ್ನನ್ನೇ ಕೇಳಿಕೊಂಡೆ.

ಅಲ್ಲಿನ ಮೇಲ್ವಿಚಾರಕ ತೆಳ್ಳಗಿನ ಮನುಷ್ಯ, ಮಾತಿಗೆ ಮೊದಲು ಕನ್ನಡಕ ಒರೆಸುತ್ತಾನೆ. ಅಂಚೆಚೀಟಿ ಕೊರೆಯುವವಳು ಎಂದ ಮೇಲೆ ಕಹಳೆಯನ್ನು ಗಾಜಿನ ಪೆಟ್ಟಿಗೆಯಿಂದ ತೆಗೆದು ಬಟ್ಟೆಯ ಮೇಲಿಟ್ಟ. ಕಹಳೆಗಾರ ಯುದ್ಧದಲ್ಲಿ ಸಾಯಲಿಲ್ಲವಂತೆ. ಆಮೇಲೂ ಇಪ್ಪತ್ತು ವರ್ಷ ಅದೇ ಕಹಳೆಯಿಂದ ಬ್ಯಾರಕ್ಕಿನವರನ್ನು ಬೆಳಿಗ್ಗೆ ಎಬ್ಬಿಸುತ್ತಿದ್ದನಂತೆ. "ಜನ ಶಾಪ ಹಾಕ್ತಿದ್ರು ಅಂತ ಒಂದು ಕಾಗದದಲ್ಲಿದೆ" ಎಂದು ನಕ್ಕ.

ಹಿತ್ತಾಳೆ ಒಂದು ಕಡೆ ಸವೆದು ಬೆಳ್ಳಗಾಗಿದೆ. ಇಪ್ಪತ್ತು ವರ್ಷ ಒಬ್ಬನೇ ಹಿಡಿದರೆ ಸವೆಯದೆ ಏನು.

"ಹಿಡೀಬಹುದಾ?" ಎಂದು ಕೇಳಿದೆ. ಹತ್ತಿಯ ಕೈಗವುಸು ಕೊಟ್ಟ. ಮೊದಲು ಬಲಗೈಯಲ್ಲಿ ಹಿಡಿದೆ. ಸವೆದ ಗುರುತುಗಳು ಆಚೆ ಮಗ್ಗುಲಿಗೆ ಉಳಿದವು, ಬೆರಳಿಗೂ ಅವಕ್ಕೂ ಸಂಬಂಧವೇ ಇಲ್ಲ. ಕೈ ಬದಲಾಯಿಸಿದೆ. ನಾಲ್ಕು ಬೆರಳೂ ನಾಲ್ಕು ಗುಳಿಗಳಲ್ಲಿ ಹೋಗಿ ಕೂತವು. ನಾನೇನೂ ಮಾಡಲಿಲ್ಲ. ತಾವಾಗಿ ಕೂತವು. ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡು ನಿಂತಿದ್ದೆ.

ಆಮೇಲೆ ಅವನೇ ಉತ್ಸಾಹದಿಂದ ಸೈನ್ಯದ ಆಸ್ಪತ್ರೆಯ ಹಳೆಯ ದಾಖಲೆ ಪುಸ್ತಕ ತಂದ. ಯುದ್ಧಕ್ಕೆ ನಾಲ್ಕು ತಿಂಗಳ ಹಿಂದಿನ ಪುಟ. ಕಹಳೆಗಾರ ಮೊದಲು ಬಂದೂಕಿನವನಾಗಿದ್ದ. ವೈದ್ಯನ ಬರವಣಿಗೆ ಇಷ್ಟೇ: "ಬಲಗೈಯ ಮೂರು ಬೆರಳು ಹೋಗಿವೆ. ಬಂದೂಕು ಹಿಡಿಯಲಾರ. ಮನೆಗೆ ಹೋಗಲು ಒಪ್ಪುವುದಿಲ್ಲ. ಕಹಳೆ ಊದುವ ಕೆಲಸಕ್ಕೆ ಅಡ್ಡಿಯಿಲ್ಲ."

ಮೇಲ್ವಿಚಾರಕ ಪ್ರತಿ ತೆಗೆದುಕೊಟ್ಟ. ಬಸ್ಸಿನಲ್ಲಿ ಏಳೆಂಟು ಸಲ ಓದಿದೆ. ಯಾವ ಮೂರು ಬೆರಳು ಎಂದು ಬರೆದಿಲ್ಲ.

ಏಪ್ರಿಲ್ 8, ಮಂಗಳವಾರ

ಅಕ್ಕನಿಗೆ ಎಲ್ಲ ಹೇಳಿದೆ. ಅವಳು ಬಟ್ಟೆ ಮಡಿಸುತ್ತಿದ್ದಳು, ನಿಲ್ಲಿಸಲಿಲ್ಲ.

"ನೀನು ಹೇಳ್ದೆ ಇದ್ರೆ ಯಾರಿಗೆ ಗೊತ್ತಾಗತ್ತೆ?"

"ಯಾರಿಗೂ ಗೊತ್ತಾಗಲ್ಲ."

"ಹೇಳಿದ್ರೆ?"

"ನನ್ನ ಕೈ ವಿಷಯಾನೂ ಹೊರಗೆ ಬರತ್ತೆ. ಉಗ್ರಾಣಕ್ಕೆ ಹಾಕ್ತಾರೆ."

"ಉಗ್ರಾಣದಲ್ಲಿ ಕೂತ್ರೆ ಪ್ರಾಣ ಹೋಗಲ್ಲ" ಎಂದಳು. ಇನ್ನೊಂದು ಬಟ್ಟೆ ಎತ್ತಿಕೊಂಡು, "ನಾನೊಂದು ಸಲ ಮದುವೆ ಕೋಟಿನ ತೋಳು ಅದಲುಬದಲು ಹಚ್ಚಿದ್ದೆ. ಯಾರೂ ನೋಡಲಿಲ್ಲ. ಆ ಮನುಷ್ಯ ರಸ್ತೇಲಿ ಸಿಕ್ಕಿದಾಗೆಲ್ಲ ನಾನೇ ಆಚೆ ಬದಿಗೆ ಹೋಗ್ತಿದ್ದೆ. ಹನ್ನೊಂದು ವರ್ಷ" ಎಂದಳು.

ನನ್ನ ಅಚ್ಚಿನಲ್ಲಿ ಅವನ ಕಹಳೆಯ ಕೈಗೆ ಐದು ಬೆರಳು, ಬಲಗೈ. ಇಲ್ಲದ ಬೆರಳುಗಳನ್ನು ನಾನು ಎಷ್ಟು ಚೆಂದ ಕೊರೆದಿದ್ದೇನೆ, ಉಗುರು ಸಮೇತ.

ಏಪ್ರಿಲ್ 11, ಶುಕ್ರವಾರ

ಹೇಳಿದೆ.

ಯಜಮಾನರು ಒಬ್ಬರೇ ಇದ್ದರು. ಮೊದಲು ಎರಡು ಫೋಟೊ ಮುಂದಿಟ್ಟು ಕೋಟಿನ ಪಟ್ಟಿ ತೋರಿಸಿದೆ. ಆಮೇಲೆ ಆಸ್ಪತ್ರೆಯ ಪುಟ. ಅವರು ಮಿತಭಾಷಿ, ಹತ್ತು ಮಾತಿಗೆ ಒಂದು ಹೂಂ. ಓದಿದರು, ಫೋಟೊ ನೋಡಿದರು, ಮತ್ತೆ ಓದಿದರು.

"ಬಿಡುಗಡೆ ಜೂನ್ ಹದಿನಾರಕ್ಕೆ. ಹೊಸ ಅಚ್ಚಿಗೆ ಐದು ವಾರ ಸಿಗತ್ತೆ. ಕೊರೀತೀರಾ?"

ಬಲಗೈಯನ್ನು ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟೆ. ಪೆನ್ಸಿಲ್ ಎತ್ತಲು ಹೋದೆ, ಬಿತ್ತು. ಅದು ಉರುಳಿ ಅವರ ಕಡೆ ಹೋಯಿತು. ಇಬ್ಬರೂ ಅದನ್ನೇ ನೋಡಿದೆವು.

"ಯಾವಾಗಿಂದ?"

"ಜನವರಿಯಿಂದ ಸರ್. ಸುಳ್ಳು ಹೇಳಿದ್ದೆ."

"ಹಾಗಾದ್ರೆ ಯಾರು ಕೊರೆಯೋದು?"

ತಪ್ಪೊಪ್ಪಿಕೊಂಡು, ಉಗ್ರಾಣದ ಬೀಗದಕೈ ಇಸಕೊಂಡು ಬರುವುದೆಂದೇ ಮನಸ್ಸು ಗಟ್ಟಿಮಾಡಿಕೊಂಡಿದ್ದೆ. ಆದರೆ ಚೀಲದಲ್ಲಿ ತಾಮ್ರದ ಚೂರಿತ್ತು. ಹೋದ ವಾರ ಅದರ ಮೇಲೆ ಅಕ್ಕನ ಕಿವಿಯ ಚಿತ್ರ ಕೊರೆದಿದ್ದೆ, ತೆಗೆದು ಕೊಟ್ಟೆ. ಅವರು ಭೂತಗನ್ನಡಿ ಹಾಕಿಕೊಂಡು ಬಹಳ ಹೊತ್ತು ನೋಡಿದರು.

"ಇದು ಯಾರ ಕೈ?"

"ನಂದೇ ಸರ್. ಎಡಗೈ."

ಹೂಂ ಎಂದರು. ಸೋಮವಾರ ಸಮಿತಿ ಸೇರುತ್ತದೆ.

ಏಪ್ರಿಲ್ 14, ಸೋಮವಾರ

ಮೀಸೆ ಸಾಹೇಬರು ಮೊದಲು ಕೆಂಪಾದರು. "ನಿಯಮದ ಪುಸ್ತಕದಲ್ಲಿ ಬಲಗೈ ಅಂತಿದೆ. ನಾಳೆ ಎಡಗೈ ಅಂತ ಬಂದ್ರೆ ಇಡೀ ಸೈನ್ಯ ನಗತ್ತೆ" ಎಂದರು. ನಾನು ಆಸ್ಪತ್ರೆಯ ಪುಟ ಅವರ ಮುಂದಿಟ್ಟೆ. ಅವರು ನಿಂತುಕೊಂಡೇ ಓದಿದರು, ಓದಿದ ಮೇಲೂ ಕೂರಲಿಲ್ಲ. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ: "ಮನೆಗೆ ಹೋಗಲು ಒಪ್ಪುವುದಿಲ್ಲ ಅಂತ ಬರೆದಿದ್ದಾನಲ್ಲ, ಯಾಕಂತೆ?"

"ಗೊತ್ತಿಲ್ಲ ಸರ್."

"ನನಗೆ ಗೊತ್ತು" ಎಂದರು. ಪುಟವನ್ನು ನನ್ನ ಕಡೆ ಸರಿಸಿದರು. "ಅವನು ಹೇಗಿದ್ನೋ ಹಾಗೇ ಬರಲಿ."

ಸಂಜೆ ಕಡತ ನನ್ನ ಮೇಜಿಗೆ ಬಂತು. ಹೊಸ ಅಚ್ಚು ನನಗೇ ವಹಿಸಲಾಗಿದೆ. ಕೆಳಗೆ ಯಜಮಾನರ ಕೈಬರಹದಲ್ಲಿ ಎರಡು ಸಾಲು: "ಬಲಗೈಯ ಮೂರು ಬೆರಳಿಗೆ ಬಲವಿಲ್ಲ. ಕೊರೆಯುವ ಕೆಲಸಕ್ಕೆ ಅಡ್ಡಿಯಿಲ್ಲ."

ಅಕ್ಷರದಣ್ಣ ಓದಿ, "ಯಜಮಾನ್ರಿಗೆ ಇಷ್ಟುದ್ದ ಬರೆಯೋಕೆ ಬರತ್ತೆ ಅಂತ ಗೊತ್ತಿರಲಿಲ್ಲ" ಎಂದ. ನಾನು ಶೌಚಾಲಯಕ್ಕೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಏಪ್ರಿಲ್ 24, ಗುರುವಾರ

ಬೂಟು ಮುಗಿಯಿತು. ಕೋಟಿನ ಕೆಳಭಾಗ ಮುಗಿಯಿತು. ಪಟ್ಟಿ ಯಾವ ಕಡೆ ಮುಚ್ಚಬೇಕು ಎಂದು ಅಕ್ಕ ದಿನಾ ಬೆಳಿಗ್ಗೆ ನೆನಪಿಸುತ್ತಾಳೆ. ಉಕ್ಕಿನ ಮೇಲೆ ಅದೂ ಉಲ್ಟಾ ಇರಬೇಕು ಎಂದು ಎಷ್ಟು ಹೇಳಿದರೂ ಅವಳ ತಲೆಗೆ ಹೋಗುವುದಿಲ್ಲ.

ಮೇ 2, ಶುಕ್ರವಾರ

ಒಂದು ಗೆರೆ ಕೆಟ್ಟಿತು, ಎಡ ಭುಜದ ಮೇಲೆ ಕೂದಲೆಳೆಯಷ್ಟು ನಡುಕ. ಉಜ್ಜಿ ತೆಗೆದು ಮತ್ತೆ ಕೊರೆಯಬಹುದು, ಎರಡು ದಿನ ಹಿಡಿಯುತ್ತದೆ. ಐದು ಗಂಟೆ ಊದಿದವನ ಭುಜ ನಡುಗದೆ ಇರುತ್ತದೆಯೇ ಎಂದು ಬಿಟ್ಟುಬಿಟ್ಟೆ. ನನ್ನನ್ನು ನಾನೇ ಸಮಾಧಾನ ಮಾಡಿಕೊಳ್ಳುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ.

ಮೇ 9, ಶುಕ್ರವಾರ

ಬೆಳಿಗ್ಗೆಯಿಂದ ಸಂಜೆವರೆಗೆ ಅವನ ನಾಲ್ಕು ಬೆರಳು. ಗುಳಿಗಳ ನೆನಪು ಕೈಯಲ್ಲೇ ಇತ್ತು, ಫೋಟೊ ನೋಡಲೇ ಇಲ್ಲ. ಊಟ ಮರೆತೆ. ಡಬ್ಬಿ ಹಾಗೇ ವಾಪಸ್ಸು ತಂದೆನೆಂದು ಅಕ್ಕ ಮಾತು ಬಿಟ್ಟಿದ್ದಾಳೆ.

ಒಂದೇ ಸ್ವರವನ್ನು ಐದು ಗಂಟೆ ಊದುವಾಗ ಏನು ಯೋಚಿಸುತ್ತಿದ್ದಿರಬಹುದು? ಮಂಜಿನಲ್ಲಿ ಯಾರು ಬಂದರು, ಯಾರು ಬರಲಿಲ್ಲ ಎಂಬುದೂ ಅವನಿಗೆ ಕಾಣುತ್ತಿರಲಿಲ್ಲ. ನಿಲ್ಲಿಸಿದರೆ ಆ ಕ್ಷಣಕ್ಕೇ ಒಬ್ಬ ದಾರಿ ತಪ್ಪಬಹುದು. ತುಟಿ ಒಡೆದಿರಬೇಕು. ತುಟಿಗೆ ಒಂದು ಚುಕ್ಕೆ ಹೆಚ್ಚು ಹಾಕಿದೆ.

ಮೇ 19, ಸೋಮವಾರ

ಪ್ರೂಫು ತೆಗೆದರು. ಯಂತ್ರದಿಂದ ಕಾಗದ ಎತ್ತಿದರು. ಕಾಗದ ತಿರುಗಿಸಿದರು. ಎಡಗೈಯಲ್ಲಿ ಕಹಳೆ ಎತ್ತಿ ನಿಂತಿದ್ದಾನೆ. ಬಲಗೈ ಬೆನ್ನ ಹಿಂದೆ. ಯಜಮಾನರು ಹೂಂ ಎಂದರು, ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಹೂಂ.

ಮೇ 23, ಶುಕ್ರವಾರ

ಡಾಕ್ಟರಮ್ಮ ನೋಟುಪುಸ್ತಕ ಕೇಳಿದರು. ಪುಟ ತಿರುವಿ, "ಇದರ ಅವಶ್ಯಕತೆ ಇನ್ನಿಲ್ಲ, ನಿಲ್ಲಿಸಿಬಿಡಿ" ಎಂದರು. ಯಾಕೆಂದು ಕೇಳಿದೆ. ಮೊದಲ ಪುಟವನ್ನೂ ಕೊನೆಯ ಪುಟವನ್ನೂ ಪಕ್ಕಪಕ್ಕ ತೋರಿಸಿದರು. ಮೊದಲ ಪುಟದ ಮಸಿ ಬೇರೆ ಇತ್ತು. ಬೇರೇನು ನೋಡಬೇಕಿತ್ತೋ ಗೊತ್ತಾಗಲಿಲ್ಲ, ಬಸ್ಸಿಗೆ ಹೊತ್ತಾಗಿತ್ತು.

ಜೂನ್ 16, ಸೋಮವಾರ

ಬಿಡುಗಡೆ ಸಮಾರಂಭಕ್ಕೆ ಹೋಗಲಿಲ್ಲ. ಅಲ್ಲಿ ಮೀಸೆ ಸಾಹೇಬರು ಕಹಳೆಗಾರನ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿದರೆಂದು ಅಕ್ಷರದಣ್ಣ ಆಮೇಲೆ ಹೇಳಿದ. ನಾನು ನಮ್ಮ ಬೀದಿಯ ಅಂಚೆ ಕಚೇರಿಗೆ ಹೋಗಿ ಸಾಲಿನಲ್ಲಿ ನಿಂತೆ. ಪ್ರತಿ ಹೊಸ ಚೀಟಿ ಬಂದ ದಿನ ಅಕ್ಕನಿಗೆ ಒಂದು ಲಕೋಟೆ ಕಳಿಸುವುದು ನನ್ನ ಹಳೆಯ ಅಭ್ಯಾಸ. ಒಂದೇ ಮನೆಯಲ್ಲಿದ್ದೂ ಅಂಚೆಯಲ್ಲಿ ಕಳಿಸುತ್ತೀಯಲ್ಲ ಎಂದು ಅವಳು ನಗುತ್ತಾಳೆ, ಒಂದನ್ನೂ ಬಿಸಾಡಿಲ್ಲ.

ನನ್ನ ಮುಂದಿದ್ದವರು ಅಂಚೆಚೀಟಿ ಸಂಗ್ರಾಹಕರು, ಕೈಯಲ್ಲಿ ಭೂತಗನ್ನಡಿ. ಕೌಂಟರಿನವಳಿಗೆ ಪಿಸುಗುಟ್ಟಿದರು: "ತಪ್ಪು ಮುದ್ರಣ ಆಗಿದೆ. ಕಹಳೆ ಎಡಗೈಲಿ ಬಂದಿದೆ. ವಾಪಸ್ಸು ತಗೊಳ್ಳೋಕೆ ಮೊದಲು ಐದು ಹಾಳೆ ಕೊಡಿ." ತಗೊಂಡು ಕಳ್ಳನ ಹಾಗೆ ಹೋದರು.

ಕೌಂಟರಿನವಳು ನನ್ನ ಚೀಟಿ ಹರಿಯುವ ಮೊದಲು ಅನುಮಾನದಿಂದ ಅದನ್ನೇ ನೋಡಿದಳು. "ನಿಮಗೆ ಬೇರೆ ಕೊಡ್ಲಾ ಅಮ್ಮಾ? ಇದು ತಪ್ಪಿದೆಯಂತೆ."

"ಅದೇ ಕೊಡಮ್ಮ" ಎಂದೆ. "ಅವನು ಹಿಡೀತಿದ್ದದ್ದೇ ಹಾಗೆ."

ಚೀಟಿ ಅಂಟಿಸಿದೆ. ವಿಳಾಸ ಬರೆಯಲು ಪೆನ್ನು ತಂದಿರಲಿಲ್ಲ. ಕೌಂಟರಿನ ಪೆನ್ನಿಗೆ ಸರಪಳಿ ಕಟ್ಟಿ ಬಲಗಡೆಯ ಮೊಳೆಗೆ ಬಿಗಿದಿದ್ದಾರೆ. ಎಳೆದೆ, ಎಡಗಡೆಗೆ ಬರಲಿಲ್ಲ.

"ಸರಪಳಿ ಗಿಡ್ಡ ಅಮ್ಮಾ. ಬಲಗೈಲಿ ಬರೀರಿ" ಎಂದಳು.

ಹಿಂದೆ ಆರು ಜನ ಕಾಯುತ್ತಿದ್ದರು. ಪೆನ್ನನ್ನು ಅದಿದ್ದಲ್ಲೇ ಎಡಗೈಯಲ್ಲಿ ಹಿಡಿದುಕೊಂಡು, ಲಕೋಟೆಯನ್ನು ದೊರೆಯ ಅಂಗೈಯಿಂದ ಅದರಡಿಗೆ ಸರಿಸಿ ತಿರುಗಿಸಿದೆ. ಅಕ್ಕನ ಹೆಸರು, ಮನೆ ನಂಬರು, ಬೀದಿ, ಒಂದೇ ಸಲಕ್ಕೆ ಬಂದವು.